ಮಾತಾಡುವ ಬಟನ್ನುಗಳು

ಹುಟ್ಟಿನಿಂದಲೇ ಕಣ್ಣಿಲ್ಲದ ಸಂಗೀತ ಮೇಷ್ಟ್ರು ವಾಮನರಾಯರು ನಾಲ್ಕು ತಿಂಗಳು, ಪ್ರತಿ ಶನಿವಾರ, ಆ ಆ್ಯಪ್ ಕಂಪನಿಗೆ ಹೋದರು. ಕಣ್ಣಿಲ್ಲದವರೂ ತಾವೇ ಬಸ್ ಟಿಕೆಟ್ ತೆಗೆಯುವಂಥ ಆ್ಯಪ್ ಮಾಡೋಣ ಬನ್ನಿ ಎಂದು ಕರೆದವಳು ಅಲ್ಲಿನ ಡಿಸೈನರ್ ಶರ್ಮಿಳಾ. ರಾಯರು ಪರದೆಯ ಮೇಲೆ ಬೆರಳಾಡಿಸಿ, "ಇದು ಏನು ಅಂತ ಹೇಳ್ತಾ ಇಲ್ಲಮ್ಮ" ಎಂದಲ್ಲೆಲ್ಲ ಅವಳು ಬೆರಳು ತಾಕಿದ ಬಟನ್ ತನ್ನ ಹೆಸರು ಹೇಳುವಂತೆ ಅದಕ್ಕೆ ಮಾತು ಕೊಟ್ಟಳು. ಮಧ್ಯೆ ಮಧ್ಯೆ ಕಾಫಿ ತಂದು ಅವರ ಕೈಗೇ ಲೋಟ ಹಿಡಿಸುತ್ತಿದ್ದಳು.

ಆ್ಯಪಿಗೆ ದೊಡ್ಡ ಪ್ರಶಸ್ತಿ ಬಂತು. ರಾಯರು ವೇದಿಕೆಯ ಮೇಲೆ, "ಇನ್ನು ನಾವು ಯಾರ ಕೈಲೂ ಟಿಕೆಟ್ ತೆಗೆಸಬೇಕಾಗಿಲ್ಲ" ಎಂದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ತಮ್ಮ ಶಿಷ್ಯರಿಗೆಲ್ಲ ಅವರು ಬೆಳಿಗ್ಗೆಯೇ ಫೋನ್ ಮಾಡಿ ಆ್ಯಪಿನ ವಿಷಯ ಹೇಳಿದ್ದರು.

ಕೆಳಗೆ ಬಂದು ಕೂತು, ಅಂದೇ ಬಿಡುಗಡೆಯಾದ ಆ್ಯಪನ್ನು ತಮ್ಮ ಫೋನಿಗೆ ಹಾಕಿಕೊಂಡರು. ಎಲ್ಲಿ ಬೆರಳಿಟ್ಟರೂ ಫೋನು "ಬಟನ್, ಬಟನ್" ಎನ್ನುತ್ತಿತ್ತೇ ಹೊರತು ಯಾವ ಬಟನ್ ಎಂದು ಹೇಳಲಿಲ್ಲ.

"ಏನೋ ಕೆಟ್ಟಿದೆ, ನೋಡಮ್ಮ."

ಪಕ್ಕದಲ್ಲೇ ಕೂತಿದ್ದ ಶರ್ಮಿಳಾ ಫೋನಿನತ್ತ ಬಗ್ಗಿ ನೋಡಿದಳು. "ಕೆಟ್ಟಿಲ್ಲ ಸರ್. ಮಾತಾಡೋ ಆ್ಯಪ್ ಮಾಡಿದ್ದು ಪ್ರಶಸ್ತಿಯ ತೀರ್ಪುಗಾರರಿಗೆ ತೋರಿಸೋಕೆ ಮಾತ್ರ. ಜನರಿಗೆ ಕೊಟ್ಟಿರೋದು ಇದನ್ನೇ."

ರಾಯರ ಬೆರಳು ಪರದೆಯ ಮೇಲೆಯೇ ನಿಂತುಬಿಟ್ಟಿತು. ಪಾಪ, ಕಂಪನಿಯವರು ಈ ಹುಡುಗಿಗೂ ಮೋಸ ಮಾಡಿರಬೇಕು ಅನ್ನಿಸಿತು ಅವರಿಗೆ.

"ನಿನಗೆ ಯಾವಾಗ ಗೊತ್ತಾಯ್ತಮ್ಮ?" ಎಂದು ಮೆಲ್ಲಗೆ ಕೇಳಿದರು.

"ನಿಮ್ಮನ್ನ ಕರೆಯೋದಕ್ಕೆ ಮುಂಚೆಯೇ, ಸರ್."