ಮುಂದಿನ ಪೆಟ್ಟಿಗೆಯ ಭಾರ

ಶಿವಮೊಗ್ಗ ದಾಟುತ್ತಿದ್ದಂತೆ ಜೀಪಿನ ಸ್ಟೇರಿಂಗ್ ಹಗುರಾಯಿತು. ಹಿಂದೆ ಕಟ್ಟಿದ್ದ, ಮಲಗಿ ಅಡುಗೆ ಮಾಡಿಕೊಳ್ಳುವಂಥ ಟ್ರೈಲರ್ ಮನೆ ಓಲಾಡತೊಡಗಿತು. ಭದ್ರಾವತಿಯ ಜನ್ನಾಪುರ ಮುಟ್ಟಿ, ಯುವರಾಜನ ವೆಲ್ಡಿಂಗ್ ಶಾಪಿನ ಮುಂದೆ ಗಾಡಿ ನಿಂತಾಗ ಸ್ಪಂದನಾ ಇನ್ನೂ ಸೀಟಿನ ಅಂಚು ಹಿಡಿದೇ ಕೂತಿದ್ದಳು. ಅವಳ ಗಂಡ ಮಲ್ಲಿಕ್ ಇಳಿದವನೇ, ಸಂಜೆಯೊಳಗೆ ಚಿಕ್ಕಮಗಳೂರು ಸೇರಬೇಕು, ಜೀಪಿಗೂ ಟ್ರೈಲರಿಗೂ ನಡುವೆ ಒಂದು ಗಟ್ಟಿ ಕೊಂಡಿ ಹಾಕಿಬಿಡು ಎಂದು ಅವಸರಪಡಿಸಿದ.

ಯುವರಾಜ್ ಟೇಪು ಹಿಡಿದು ಅಳೆದ. ಜೀಪಿನ ಹಿಂಭಾಗ ಕುಸಿದು, ಮೂತಿ ಎರಡು ಇಂಚು ಮೇಲೆದ್ದಿತ್ತು. ಕೊಂಡಿ ಗಟ್ಟಿಯಿದ್ದರೆ ಸಾಲದು, ಎರಡೂ ಕಡೆ ಸ್ಪ್ರಿಂಗ್ ಪಟ್ಟಿ ಇರುವಂಥದ್ದು ಬೇಕು, ಅದು ಭಾರವನ್ನು ಜೀಪಿನ ಮುಂದಿನ ಚಕ್ರಗಳಿಗೂ ಹಂಚುತ್ತದೆ ಎಂದ. ಯಾವ ಅಳತೆಯ ಪಟ್ಟಿ ಎಂದು ಹೇಳಬೇಕಾದರೆ ಟ್ರೈಲರಿನ ಮುಂದಿನ ಪೆಟ್ಟಿಗೆಯಲ್ಲಿ ಏನಿದೆ ಎಂದು ನೋಡಬೇಕಿತ್ತು.

"ಅಂದಾಜಿನ ಮೇಲೆ ಹಾಕು ಮಾರಾಯ." ಮಲ್ಲಿಕ್ ಅಂಗಡಿಯ ಮುಂದೆ ಶತಪಥ ತಿರುಗುತ್ತಿದ್ದ.

"ಅಂದಾಜಲ್ಲಿ ಆಗಲ್ಲ ಸಾರ್. ಮುಂದೆ ಬರೀ ತಿರುವು. ಮೇಡಂನೂ ಒಳಗೆ ಕೂತಿರ್ತಾರಲ್ಲ."

ಸ್ಪಂದನಾ ಗಂಡನ ಕೈಯಿಂದ ಕೀಲಿ ತೆಗೆದುಕೊಂಡು ತಾನೇ ಪೆಟ್ಟಿಗೆ ತೆರೆದಳು. ಹತ್ತು ದಿನದ ಪ್ರವಾಸವೆಂದು ಹೊರಟವಳು ಅವಳು. ಒಳಗೆ, ರಿಪೇರಿಗೆ ಕೊಟ್ಟಿದ್ದೇನೆಂದು ಅವನು ಹೇಳಿದ್ದ ಅವಳ ಹೊಲಿಗೆ ಯಂತ್ರವಿತ್ತು. ಅವಳ ಸರ್ಟಿಫಿಕೇಟುಗಳ ಫೈಲು, ಮದುವೆಯ ಆಲ್ಬಮ್, ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳು. ಎಲ್ಲದರ ಮೇಲೆ, ಶಿವಮೊಗ್ಗದ ವಿನೋಬನಗರದ ತಮ್ಮ ಮನೆಯ ನಾಮಫಲಕ.

ಮಲ್ಲಿಕ್ ನಿಂತ. ಕೆಲಸ ಬಿಟ್ಟಿದ್ದನ್ನೂ, ಮನೆಯನ್ನು ಎರಡು ವರ್ಷಕ್ಕೆ ಬಾಡಿಗೆಗೆ ಕೊಡಲು ಮಾತಾಡಿದ್ದನ್ನೂ ನೆಲ ನೋಡುತ್ತ ಹೇಳಿದ. ಒಂದೇ ಕಡೆ ಇದ್ದರೆ ಉಸಿರು ಕಟ್ಟುತ್ತದೆ, ಇನ್ನು ಈ ಟ್ರೈಲರಿನಲ್ಲೇ ಊರೂರು ಸುತ್ತೋಣವೆಂದಿದ್ದೆ, ಮೊದಲೇ ಹೇಳಿದ್ದರೆ ನೀನು ಹೊರಡುತ್ತಿರಲಿಲ್ಲ ಎಂದ.

"ಒಂದ್ ಮಾತು ಕೇಳಬಹುದಿತ್ತಲ್ರೀ."

ಅಷ್ಟೇ ಅಂದಳು. ಅವಳ ಹೊಲಿಗೆ ಕ್ಲಾಸಿಗೆ ಹನ್ನೊಂದು ಹೆಣ್ಣುಮಕ್ಕಳು ಬರುತ್ತಿದ್ದರು, ಅದೂ ಅವನಿಗೆ ನೆನಪಾಗಿರಲಿಲ್ಲ. ಅವನ ಫೋನಿನಿಂದಲೇ ಬಾಡಿಗೆಯವರಿಗೆ ಕರೆ ಮಾಡಿ, ಮನೆ ಇಬ್ಬರ ಹೆಸರಿನಲ್ಲಿದೆ, ತಾನು ಕೊಡುವುದಿಲ್ಲ ಎಂದು ತಿಳಿಸಿದಳು. ಆಟೋ ಕರೆಸಿ ತನ್ನ ಸಾಮಾನು ಇಳಿಸಿಕೊಂಡಳು. ಯಂತ್ರವನ್ನು ಎತ್ತಿ ಇಡಲು ಮಲ್ಲಿಕನೇ ಕೈ ಕೊಟ್ಟ. ಅವಳು ಆಟೋದವನಿಗೆ ಶಿವಮೊಗ್ಗದ ದಾರಿ ಹೇಳಿ ಹತ್ತಿ ಕೂತಳು. ಬನ್ನಿ ಎಂದು ಅವನನ್ನು ಕರೆಯಲಿಲ್ಲ.

ಆಟೋ ಹೋದ ಮೇಲೆ ಯುವರಾಜ್ ಮತ್ತೆ ಅಳೆದ. ಜೀಪಿನ ಮೂತಿ ಮಟ್ಟಕ್ಕೆ ಬಂದಿತ್ತು.

"ಈಗ ಭಾರ ಕಮ್ಮಿಯಾಯ್ತು ಸಾರ್. ಸಾದಾ ಕೊಂಡಿನೇ ಸಾಕು."

ಮಲ್ಲಿಕ್ ಶಿವಮೊಗ್ಗದ ರಸ್ತೆಯನ್ನೇ ನೋಡುತ್ತಿದ್ದ.

"ಬೇಡ," ಎಂದ. "ಸ್ಪ್ರಿಂಗ್ ಪಟ್ಟೀದೇ ಹಾಕು. ಆ ಪೆಟ್ಟಿಗೆ ಮತ್ತೆ ತುಂಬಬಹುದು."