ನರ ಕತ್ತರಿಸುವ ಮುನ್ನ

ಲವ್‌ಡೇ ಬಂದರುಕಟ್ಟೆಯ ಮೇಲೆ ಕೂತು, ಏಡಿಯ ಇಕ್ಕಳಗಾಲಿನ ಬುಡಕ್ಕೆ ಚೂರಿಯ ಮೊನೆ ಇಟ್ಟಾಗಲೇ ರೇಡಿಯೋ ಸುದ್ದಿ ಹೇಳಿತು: ಯುರೋಪಿನ ಒಕ್ಕೂಟ ಬಿಡುವ ಒಪ್ಪಂದ ಲಂಡನ್ನಿನ ಸಂಸತ್ತಿನಲ್ಲಿ ಮೂರನೆಯ ಸಲವೂ ಬಿದ್ದುಹೋಗಿದೆ. ಅವಳ ಕೈ ಅಲ್ಲೇ ನಿಂತಿತು. ಒಪ್ಪಂದ ಪಾಸಾದರಷ್ಟೇ ಏಡಿ ಒಯ್ಯಲು ಲಾರಿ ಕಳಿಸುತ್ತೇನೆ ಎಂದು ಫ್ರಾನ್ಸಿನ ವ್ಯಾಪಾರಿ ಬೆಳಿಗ್ಗೆಯೇ ಹೇಳಿದ್ದ. ಈ ಕಾರ್ನ್‌ವಾಲ್ ಬಂದರಿನಲ್ಲಿ ಇಷ್ಟು ಏಡಿ ತಿನ್ನುವವರು ಯಾರೂ ಇಲ್ಲ.

“ಏನಂತೆ? ಒಳಗೋ ಹೊರಗೋ?” ದೋಣಿ ತೊಳೆಯುತ್ತಿದ್ದ ಗಂಡ ಡೆನ್‌ಜಿಲ್ ಕೇಳಿದ.

“ಎರಡೂ ಅಲ್ವಂತೆ. ಸೋಮವಾರ ಮತ್ತೆ ಕೂತು ಕೂಗಾಡ್ತಾರಂತೆ.”

“ಹಾಳಾದೋರು! ಸರಿ, ನೀನು ನರ ಕತ್ತರಿಸು. ಗೂಡಲ್ಲಿಟ್ಟು ಕಾಯೋಣ.”

ಇಕ್ಕಳಗಾಲಿನ ನರ ಕತ್ತರಿಸಿದರೆ, ಮಾರುವವರೆಗೆ ನೀರಲ್ಲಿ ಇಳಿಬಿಡುವ ಗೂಡಿನಲ್ಲಿ ಏಡಿಗಳು ಒಂದನ್ನೊಂದು ಕಚ್ಚಿ ಕೊಲ್ಲುವುದಿಲ್ಲ. ಆದರೆ ಆಮೇಲೆ ಅವನ್ನು ಸಮುದ್ರಕ್ಕೆ ಬಿಟ್ಟರೂ ಚಿಪ್ಪುಮೀನು ಒಡೆದು ತಿನ್ನಲಾರವು. ಲವ್‌ಡೇ ಕೈಯಲ್ಲಿದ್ದ ತಟ್ಟೆಯಗಲದ ಏಡಿಯನ್ನು ನೋಡಿದಳು. ಚೂರಿಯನ್ನು ಹಲಗೆಗೆ ಚುಚ್ಚಿ, ಏಡಿಯನ್ನು ನೀರಿಗೆ ಎಸೆದಳು. ಬುಟ್ಟಿಯಿಂದ ಇನ್ನೊಂದನ್ನೂ ಎತ್ತಿ ಎಸೆದಳು.

“ಲೇ, ತಲೆಗಿಲೆ ಕೆಟ್ಟಿದ್ಯೇನೆ ನಿಂಗೆ? ವಾರದ ದುಡಿಮೆ ಅದು!”

“ಕೈ ಕಡಿದು, ಆಚೆಗೂ ಬಿಡದೆ, ಈಚೆಗೂ ಇಟ್ಕೊಳ್ದೆ, ಸಾಯೋವರೆಗೂ ಕಾಯಿಸೋಕೆ ನಾನೇನು ಎಂಪಿನಾ?”

ಅವಳ ದನಿ ಇಡೀ ಬಂದರುಕಟ್ಟೆಗೆ ಕೇಳಿಸಿತು. ಡೆನ್‌ಜಿಲ್ ದಡದಡನೆ ದೋಣಿಯಿಂದ ಇಳಿದು ಬಂದ. ತಡೆಯಲು ಬಂದನೆಂದು ಲವ್‌ಡೇ ಬುಟ್ಟಿಗೆ ಅಡ್ಡ ನಿಂತಳು. ಅವನು ಸಂಸತ್ತನ್ನು, ವ್ಯಾಪಾರಿಯನ್ನು, ಜೊತೆಗೆ ಅವಳನ್ನೂ ಸೇರಿಸಿ ಬೈಯುತ್ತಾ, ಬಗ್ಗಿ ಬುಟ್ಟಿಯ ಒಂದು ಹಿಡಿಕೆ ಹಿಡಿದು ಅದನ್ನು ನೀರಿನ ಕಡೆಗೆ ವಾಲಿಸಿ, ಇನ್ನೊಂದನ್ನು ಹಿಡಿಯೆಂದು ಅವಳಿಗೆ ಕಣ್ಣಲ್ಲೇ ಹೇಳಿದ.