ಒಂಬತ್ತು ಊರು

ಪಕ್ಕದವನ ಸ್ಕ್ರೀನ್ ಇಣುಕಬಾರದು. ಬಿಟಿಎಂ ಲೇಔಟಿನ ಆ ಸೈಬರ್ ಕೆಫೆಯಲ್ಲಿ ಇದ್ದದ್ದು ಅದೊಂದೇ ಮರ್ಯಾದೆ. ಸಿದ್ಧಾರ್ಥ ಇಣುಕಿಬಿಟ್ಟ. ನೋಡಿದ್ದು ಅರೆಕ್ಷಣ. ಅವರು ಆಡುತ್ತಿದ್ದ ಯುದ್ಧದ ಕಂಪ್ಯೂಟರ್ ಆಟದಲ್ಲಿ, ಅವನದೇ ಜೋಡಿಯ ಮೌನೇಶನ ಕೋಟೆಯಿಂದ ಧಾನ್ಯದ ಗಾಡಿಗಳು ಸಾಲುಗಟ್ಟಿ ಹೊರಟಿದ್ದವು. ಹೋಗುತ್ತಿದ್ದದ್ದು ಸಿದ್ಧಾರ್ಥ ಆಗತಾನೇ ಗೆದ್ದ ಊರಿಗೆ, ಇನ್ನೂ ಬಂಡಾಯ ಹೊಗೆಯಾಡುತ್ತಿದ್ದ ಊರಿಗೆ.

ಎರಡು ಸಾವಿರದ ಮೂರನೇ ಇಸವಿಯ ಆ ಭಾನುವಾರ ಫೈನಲ್. ಗೆದ್ದ ಜೋಡಿ ರಾಜ್ಯಮಟ್ಟದ ಪಂದ್ಯಕ್ಕೆ ಹೋಗುತ್ತದೆ. ಅದಕ್ಕಾಗಿ ಸಿದ್ಧಾರ್ಥ ಎರಡು ವರ್ಷ ಕಾದಿದ್ದ. ಎದುರಿಗಿದ್ದದ್ದು ಬನಶಂಕರಿಯ ಬಸಪ್ಪನ ಜೋಡಿ.

ಆ ಆಟದಲ್ಲಿ ಊರು ಗೆಲ್ಲುವುದೇನೂ ಕಷ್ಟವಲ್ಲ, ಗೆದ್ದದ್ದನ್ನು ಉಳಿಸಿಕೊಳ್ಳುವುದೇ ಕಷ್ಟ. ಗೆದ್ದ ಪ್ರತಿ ಊರಿನ ತಲೆಯ ಮೇಲೂ ಪ್ರತಿರೋಧದ ಕೆಂಪು ಪಟ್ಟಿ. ಅದು ತುಂಬಿತೋ, ಜನ ದಂಗೆಯೆದ್ದು ಹಳೆಯ ದೊರೆಗೇ ಬಾಗಿಲು ತೆರೆಯುತ್ತಾರೆ. ಅದಕ್ಕೇ ಎಲ್ಲರೂ ಊರಿಗೆ ಇನ್ನೂರು ಸೈನಿಕರನ್ನು ಕಾವಲಿಗೆ ಬಿಡುತ್ತಿದ್ದರು. ಸಿದ್ಧಾರ್ಥ ಬಿಡುತ್ತಿದ್ದದ್ದು ಹತ್ತೇ ಜನರನ್ನು. ಹಾಗಿದ್ದೂ ಅವನು ಆ ದಿನ ಗೆದ್ದ ಒಂಬತ್ತು ಊರಲ್ಲಿ ಒಂದೂ ತಲೆಯೆತ್ತಿರಲಿಲ್ಲ. ತನ್ನ ಹೆಸರು ಕೇಳಿದರೇ ನಡುಗುತ್ತವೆ ಎಂದು ಕೊಚ್ಚಿಕೊಳ್ಳುತ್ತಿದ್ದ. ಮೌನೇಶನ ಸೈನ್ಯವೋ, ಸೊರಗಿ ಸುಣ್ಣವಾಗಿತ್ತು. ಆಟದ ಕೈಪಿಡಿಯನ್ನು ಮೊದಲಿನಿಂದ ಕೊನೆತನಕ ಓದಿದ್ದ ಪುಣ್ಯಾತ್ಮ ಅವನೊಬ್ಬನೇ. ಓದಿ ಏನು ಬಂತಪ್ಪಾ ಎಂದು ಎಲ್ಲರೂ ಅವನ ಕಾಲೆಳೆಯುತ್ತಿದ್ದರು.

ಈಗ ಸಿದ್ಧಾರ್ಥನಿಗೆ ಎಲ್ಲ ತಾಳೆಯಾಯಿತು. ಬೆಳಿಗ್ಗೆ ಟೀ ಅಂಗಡಿಯ ಹತ್ತಿರ ಮೌನೇಶನೂ ಬಸಪ್ಪನೂ ಗುಸುಗುಸು ಮಾತಾಡುತ್ತಿದ್ದರಲ್ಲ! ಇಬ್ಬರೂ ಸಿಂಧನೂರಿನ ಕಡೆಯವರು. ಮೂರು ವರ್ಷದಿಂದ ಸಿದ್ಧಾರ್ಥನ ಮನೆಯ ಮಹಡಿಯಲ್ಲೇ ಬಾಡಿಗೆಗಿದ್ದು, ಅವನಮ್ಮನ ಕೈಯ ಮುದ್ದೆ ಉಂಡವನು ಈ ಮೌನೇಶ. ಕೊನೆಗೆ ಊರಿನವನೇ ಹೆಚ್ಚಾದನೇ?

ಊಟದ ವಿರಾಮದಲ್ಲಿ ನೇರವಾಗಿ ಕೇಳಿಯೇಬಿಟ್ಟ. "ದಂಗೆ ಏಳೋರಿಗೆ ಊಟ ಕಳಿಸ್ತಿದ್ದೀಯಲ್ಲ ಮಗಾ, ನಾಚ್ಕೆ ಆಗಲ್ವಾ ನಿಂಗೆ?"

ಮೌನೇಶ ಊಟದ ಡಬ್ಬಿ ಮುಚ್ಚಿದ. "ನನ್ನ ಸ್ಕ್ರೀನ್ ನೋಡಿದೇನು?"

"ನೋಡ್ದೆ."

"ಪೂರಾ ನೋಡಬೇಕಿತ್ತು ದೋಸ್ತ."

ಸಿದ್ಧಾರ್ಥ ಮೈತ್ರಿ ಮುರಿಯುವ ಗುಂಡಿ ಒತ್ತಿದ. ತಾನೊಬ್ಬನೇ ಆಡುತ್ತೇನೆ, ಮಹಡಿಯ ಕೋಣೆಯನ್ನೂ ಈ ತಿಂಗಳೇ ಖಾಲಿ ಮಾಡು ಎಂದ. ಮೌನೇಶ ಬ್ಯಾಗು ಹೆಗಲಿಗೇರಿಸಿ ಹೊರಟುಹೋದ.

ಆಟ ಮತ್ತೆ ಶುರುವಾಯಿತು. ಮೊದಲ ಸುತ್ತಿಗೆ ಒಂದು ಊರು ಕೆಂಪಾಯಿತು. ಎರಡನೆಯದಕ್ಕೆ ನಾಲ್ಕು. ಮೂರನೆಯದಕ್ಕೆ ಒಂಬತ್ತೂ ದಂಗೆಯೆದ್ದವು. ಅಲ್ಲಿಗೆ ಫೈನಲ್ ಮುಗಿಯಿತು.

ಕೈ ಕುಲುಕಲು ಬಂದ ಬಸಪ್ಪ ಖಾಲಿ ಕುರ್ಚಿ ನೋಡಿದ. "ಅವನ್ನ ಯಾಕ ಕಳಿಸಿದ್ರಿ? ಮುಂಜಾನೆ ನಮ್ಮ ಕಡೆ ಬಾ ಅಂತ ಕರದಿದ್ದೆ. ಒಲ್ಲೆ ಅಂದ."

ಸಿದ್ಧಾರ್ಥ ಆ ಕುರ್ಚಿಯಲ್ಲಿ ಕೂತು, ಮೌನೇಶನ ಸ್ಕ್ರೀನನ್ನು, ಅದರಲ್ಲಿದ್ದ ಧಾನ್ಯದ ಲೆಕ್ಕವನ್ನು, ಈ ಸಲ ಪೂರಾ ನೋಡಿದ.

ಮೊದಲ ಊರು ಗೆದ್ದ ಸುತ್ತಿನಿಂದಲೂ, ತನ್ನ ಕೋಟೆಯನ್ನು ಉಪವಾಸ ಕೆಡವಿ, ಸಿದ್ಧಾರ್ಥನ ಒಂಬತ್ತೂ ಊರಿನ ಹೊಟ್ಟೆ ತುಂಬಿಸಿ ತಣ್ಣಗಿಟ್ಟಿದ್ದವನು ಮೌನೇಶನೇ.